ಚಿಕ್ಕಮ್ಮನ ಗಾಲು ಮತ್ತು ಕಲ್ಲು

ನಮ್ಮ ಚಿಕ್ಕಮ್ಮ ನೋವು ಬಂದರೆ ಮಾತ್ರೆ ಹುಡುಕುವವಳಲ್ಲ, ಆ ನೋವಿನ ಹೆಸರು ಎಲ್ಲಿಂದ ಬಂತು ಎಂದು ಹುಡುಕುವವಳು! ನಂಬುವುದಿಲ್ಲವೇ? ಸಿದ್ದಾಪುರದಲ್ಲಿ ಕನ್ನಡ ಟೀಚರಾಗಿದ್ದು, ಮದುವೆಯ ಗೊಡವೆಗೆ ಹೋಗದೆ, ಈಗ ಶಿರಸಿ ಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಬೆಳಗಾದರೆ ಯಲ್ಲಾಪುರದ ನನಗೆ ಫೋನು: "ಕೂಸೇ, 'ಚಪ್ಪಲಿ' ಎಂತ ಭಾಷೆ ಶಬ್ದ?" ಶಬ್ದದ ಮೂಲ ಸಿಗುವುದಿಲ್ಲ, ಒಲೆಯ ಮೇಲಿನ ದೋಸೆ ಮಾತ್ರ ಸೀದುಹೋಗುತ್ತದೆ! ಉತ್ತರ ಗೊತ್ತಿದ್ದೇ ಕೇಳುತ್ತಾಳೆಂಬ ಗುಮಾನಿ ನನಗೆ. ಭಾನುವಾರವಂತೂ ಮತ್ತೆ ಮತ್ತೆ ಕೇಳುತ್ತಾಳೆ.

ಈಚೆಗೆ ಕಾನಸೂರಿನ ಮದುವೆಯೊಂದರಲ್ಲಿ ತುಪ್ಪ ಸುರಿದುಕೊಂಡು ಹೋಳಿಗೆ ತಿಂದು ಬಂದವಳಿಗೆ ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿತು. ಭುಜದವರೆಗೂ ನೋವು, ವಾಂತಿ. "ಗ್ಯಾಸು" ಎಂದು ಜೀರಿಗೆ ಕಷಾಯ ಕುಡಿದು ಕೂತಳಂತೆ. ಕೊನೆಗೆ ಗುರುತಿನ ಆಟೋದವರು ಆಸ್ಪತ್ರೆಗೆ ಸೇರಿಸಿ ನನಗೆ ಫೋನು ಮಾಡಿದರು: "ಅಕ್ಕಾ, ಜಲ್ದಿ ಬರ್ರಿ. 'ನಮ್ಮೋರು ಬರ್ತಾರೆ' ಅಂತ ಟೀಚರ್ ಡಾಕ್ಟ್ರಿಗೆ ಹೇಳ್ತಾರೆ, ಯಾರಿಗೂ ಫೋನೇ ಮಾಡಿಲ್ಲ."

ಓಡಿ ಹೋದೆ. 'ಗಾಲ್‌ಸ್ಟೋನ್' ಎಂದ ಡಾಕ್ಟರಿಗೆ ಚಿಕ್ಕಮ್ಮ ಸಲೈನು ಚುಚ್ಚಿಸಿಕೊಂಡೇ ಸಂಧಿ ಕಲಿಸುತ್ತಿದ್ದಳು!

"ಮೈಲಿಕಲ್ಲು ಮೈಲಿಗಲ್ಲು ಆಗ್ತಲ್ಲ, ಹಾಂಗೇ 'ಗಾಲ್' ಅಂದ್ರೆ ನಮ್ಮ ಕಲ್ಲೇ ಡಾಕ್ಟ್ರೇ! ಅದಕ್ಕೆ ಮತ್ತೆ 'ಸ್ಟೋನ್' ಎಂತಕ್ಕೆ? ಕಲ್ಲುಕಲ್ಲಾ?"

ಡಾಕ್ಟರು ನಕ್ಕುಬಿಟ್ಟರು. "ಅಲ್ಲ ಟೀಚರ್, ಗಾಲ್ ಅಂದ್ರೆ ಹಳೇ ಇಂಗ್ಲಿಷಲ್ಲಿ ಪಿತ್ತ. 'ಯೆಲ್ಲೋ' ಅನ್ನೋದೂ ಅದೇ ಬೇರಿಂದ್ಲೇ ಬಂದದ್ದಂತೆ. ಲಿವರಿನ ಕೆಳಗಿರೋ ಪುಟ್ಟ ಚೀಲ ಪಿತ್ತ ಕೂಡಿಟ್ಟು, ಜಿಡ್ಡು ತಿಂದಾಗ ಹಿಂಡಿ ಬಿಡ್ತದೆ. ಪಿತ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾದ್ರೆ ಹರಳುಗಟ್ತದೆ. ನಿಮ್ಮದೊಂದು ಹರಳು ಚೀಲದ ಬಾಯಿಗೇ ಸಿಕ್ಕಿದೆ. ಚೀಲವನ್ನೇ ತೆಗೀಬೇಕು."

"ಸಂಸ್ಕೃತದಲ್ಲಿ ಪಿತ್ತಾಶ್ಮರಿ. ಅಶ್ಮ ಅಂದ್ರೆ ಕಲ್ಲು" ಎಂದಳು ಚಿಕ್ಕಮ್ಮ. ಚೀಲ ಹೋದರೂ ಚಿಂತೆಯಿಲ್ಲ, ವಾದ ಸೋಲಬಾರದು!

ಡಾಕ್ಟರು ಹೋದ ಮೇಲೆ, ನನಗೊಂದು ಫೋನು ಮಾಡದ್ದಕ್ಕೆ ಬೈದೆ: "ಎಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

ಅವಳು ಗೋಡೆ ನೋಡಿದಳು. "ದಿನಾ ಫೋನ್ ಮಾಡಿ ನಿನ್ನ ತಲೆ ತಿಂಬದೇ ಸಾಕು. ಹೊಟ್ಟೆನೋವಿಗೂ ಮಾಡವಾ?"

ಆಪರೇಷನ್ ಸುಸೂತ್ರವಾಯಿತು. ಮರುದಿನ ಸಂಜೆ ವಾರ್ಡಿನ ಪ್ರತಿ ಮಂಚದ ಸುತ್ತಲೂ ಜನ, ಬುತ್ತಿ, ಗಲಾಟೆ. ನಾನು ಗಂಜಿ ಕುಡಿಸಿದೆ.

"ಬಸ್ಸು ತಪ್ಪೋಗ್ತು, ನೀ ಹೊರಡು. ಎಂಗೆ ಎಂತದೂ ಆಗ್ತಿಲ್ಲೆ."

ಎದ್ದೆ. ಸೆರಗು ಎಲ್ಲೋ ಸಿಕ್ಕಿಕೊಂಡಂತಾಯಿತು. ತಿರುಗಿ ನೋಡಿದರೆ, ಚಿಕ್ಕಮ್ಮನ ಮುಷ್ಟಿಯಲ್ಲಿ! "ಹೋಗೇ, ತಡ ಆತು" ಎನ್ನುತ್ತಲೇ ಇದ್ದಳು, ಮುಷ್ಟಿ ಬಿಚ್ಚಲಿಲ್ಲ.

ನಾನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಕೂತೆ.