ಎಡಕ್ಕ ಹೊಳ್ಳದ ಸ್ಕೂಟರ್

ಚಾರ್ಜಿಂಗ್ ಗಾಡಿ ಇಟಗೊಂಡವರು ನಗೂ ಪ್ರಸಂಗ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಗಾಡಿ ನಿಂತಲ್ಲೇ ಒಂದು ಹುಟ್ಟತೈತಿ. ನಾ ಸಪ್ತಾಪುರದಾಕಿ, ಕಾಲೇಜಿನ್ಯಾಗ ಗಣಿತ ಕಲಸ್ತೇನಿ. ನನ್ನ ಸ್ಕೂಟರಿಗೆ ಒಂದು ವಿಚಿತ್ರ ರೋಗ ಹತ್ತಿತ್ತು. ಬಲಕ್ಕ ಹೊಳ್ಳಿಸಿದ್ರ ಛಲೋ ಓಡತಿತ್ತು. ಎಡಕ್ಕ ಹ್ಯಾಂಡಲ್ ತಿರುವಿದ್ನೋ, ಗಪ್ಪಂತ ಬಂದ್.

ಶೋರೂಮಿನ್ಯಾಗ

ಗಾಡಿ ತೊಗೊಂಡ ಶೋರೂಮಿಗೆ ಹೋದ್ರ ಅಲ್ಲಿ ಸೀರಿ ಅಂಗಡಿ! ಬೋರ್ಡ್ ಬದಲಾಗಿತ್ತು, ಗಲ್ಲಾದ ಮ್ಯಾಲಿನ ಮನಷಾ ಮಾತ್ರ ಅವನ.

"ನೀವ ಅಲ್ಲೇನ್ರಿ ನನಗ ಸ್ಕೂಟರ್ ಕೊಟ್ಟವ್ರು?"

"ಹೌದ್ರಿ ಅಕ್ಕಾರ. ಕಂಪನಿ ಮುಚ್ಚಿತು, ಸೀರಿ ವ್ಯಾಪಾರ ಹಚ್ಚೇನಿ."

"ಎಡಕ್ಕ ಹೊಳ್ಳಿಸಿದ್ರ ಬಂದ್ ಬೀಳತೈತ್ರಿ. ಸರ್ವಿಸ್ ಯಾರು ಮಾಡವ್ರು?"

ಆತ ಒಂದು ಇಳಕಲ್ ಸೀರಿ ನನ್ನ ಮುಂದ ಹರವಿದ. "ಇದನ್ನ ತೊಗೊಳ್ರಿ. ಸೆರಗು ಎಡಕ್ಕ ಹಾಕ್ರಿ, ಬಲಕ್ಕ ಹಾಕ್ರಿ, ಬಂದ್ ಬೀಳೂದಿಲ್ಲ."

ಮಿಸ್ತ್ರಿ ಕಾಕಾ

ನಮ್ಮ ಓಣ್ಯಾಗ ಪೆಟ್ರೋಲ್ ಗಾಡಿ ರಿಪೇರಿ ಮಾಡೋ ಕಾಕಾ ಒಬ್ಬರು ಅದಾರ. ಗಾಡಿ ಸುತ್ತ ಎರಡು ಸಲ ಅಡ್ಡಾಡಿ, "ಚಾಲೂ ಮಾಡ್ರಿ" ಅಂದ್ರು. ಮಾಡಿದೆ.

"ಮಾಡ್ರಿ ಅಕ್ಕಾರ."

"ಮಾಡೇನ್ರಿ ಕಾಕಾ."

ಸಪ್ಪಳ ಇಲ್ಲದ ಗಾಡಿ ಚಾಲೂ ಐತಿ ಅಂದ್ರ ಅವರು ನಂಬಬೇಕಲ್ಲ! ತಾವ ಎಕ್ಸಿಲೇಟರ್ ತಿರುವಿದ್ರು. ಗಾಡಿ ಅವರನ್ನ ಎಳಕೊಂಡು ಬಾಜೂಕಿನ ಕಬ್ಬಿನ ಹಾಲಿನ ಅಂಗಡಿಯೊಳಗ ಹೊಕ್ಕಿತು. ಪುಣ್ಯಾಕ್ಕ ಯಾರಿಗೂ ಪೆಟ್ಟಾಗಲಿಲ್ಲ. ಕಾಕಾ ಎದ್ದು, ಟೊಪ್ಪಿಗಿ ಝಾಡಿಸಿ, ಗಾಡಿಗೆ ಕೈ ಮುಗಿದ್ರು.

"ನಲವತ್ತು ವರ್ಷದಾಗ ಭಾಳ ಗಾಡಿ ನನ್ನ ಕೆಡವ್ಯಾವ್ರಿ. ಇಷ್ಟು ಮರ್ಯಾದಿಯಿಂದ, ಒಂದು ಮಾತಿಲ್ಲದ ಕೆಡವಿದ್ದು ಇದ ಮೊದಲನೇದು."

ಆಮ್ಯಾಲೆ ತಾವ ದಾರಿ ತೋರಿಸಿದ್ರು: "ಲಕಮನಹಳ್ಳ್ಯಾಗ ಒಬ್ಬಾಕಿ ಇಂಥಾ ಗಾಡಿ ಬಿಚ್ಚತಾಳಂತ. ಹೋಗಿ ನೋಡ್ರಿ."

ಲಕಮನಹಳ್ಳಿ

ಎಡಕ್ಕ ಹೊಳ್ಳೂವಲ್ಲೆಲ್ಲಾ ಮೂರು ಸಲ ಬಲಕ್ಕ ಹೊಳ್ಳಿಸಿ, ಹೆಂಗೋ ಮುಟ್ಟಿದೆ. ಒಂದು ತಗಡಿನ ಶೆಡ್. ಆಕಿ ಸುಳ್ಳ ಅನ್ನೋ ಊರಿನ ಹೆಣ್ಣಮಗಳು. ಮೊದಲ ಹೊಲದ ಪಂಪಿನ ಮೋಟಾರಿಗೆ ತಂತಿ ಸುತ್ತತಿದ್ದಳಂತ. ಕಂಪನಿ ಇಲ್ಲ, ಬೋರ್ಡ್ ಇಲ್ಲ, ತಾನ ಕಲತದ್ದು.

ನಾ ಹೇಳಿದ್ದೆಲ್ಲಾ ಕೇಳಿದಳು. ಗಾಡಿ ಸ್ಟ್ಯಾಂಡಿಗೆ ಹಚ್ಚಿ, ಹಿಂದಿನ ಗಾಲಿ ತಿರುಗಾಕ ಬಿಟ್ಟು, ಹ್ಯಾಂಡಲ್ ಸಾವಕಾಶ ಎಡಕ್ಕ ಹೊಳ್ಳಿಸಿದಳು. ಗಾಲಿ ನಿಂತಿತು. ಕೀಲಿ ತಗದು, ಲೈಟಿನ ಹಿಂದ ಕೈ ಹಾಕಿ, ಕಣ್ಣು ಮುಚ್ಚಿ, ಜಡಿ ಬಿಡಿಸಿದಂಗ ಒಂದೊಂದ ತಂತಿ ಸವರಿದಳು.

"ಹಾಂ, ಸಿಕ್ಕಿತು."

ಅಷ್ಟೂ ತಂತಿಯೊಳಗ ಒಂದರ ತೊಗಲು ಸವೆದು, ಒಳಗ ಒಂದ ಎಳಿ ಉಳದಿತ್ತು. ಎಡಕ್ಕ ಎಳದ ಕೂಡಲೇ ಅದು ಬಿಡತಿತ್ತು. ಕಣ್ಣಿಗೆ ಕಾಣದ್ದು ಬೆರಳಿಗೆ ಹೆಂಗ ಕಂಡಿತು! ಹೊಸಾ ತುಂಡು ಜೋಡಿಸೂದು ಹತ್ತು ನಿಮಿಷದ ಕೆಲಸ.

"ಇಷ್ಟ ಏನ್ರೀ?"

"ಇಷ್ಟ ರೀ. ಎಡಕ್ಕ ಒಂದು ಸುತ್ತು ಹೊಡದು ಬರ್ರಿ."

ಶೆಡ್ಡಿನ ಮೂಲ್ಯಾಗ ಎಡಕ್ಕ ಹೊಳ್ಳಿಸಿದೆ. ನಿಲ್ಲಲಿಲ್ಲ! ಮತ್ತ ಎಡಕ್ಕ. ಖರೇನ ನಿಲ್ಲಲಿಲ್ಲ! ಶೆಡ್ ಸುತ್ತ ಒಂದು ಸುತ್ತಾತು, ಎರಡಾತು, ಮೂರಾತು. ಪ್ರತಿ ಸಲ ಆಕಿ ಬಾಗಲದಾಗ ನಿಂತು ನೋಡಾಕತ್ತಿದ್ದಳು. ನಾಲ್ಕನೇ ಸುತ್ತಿಗೆ ಸ್ಕ್ರೂಡ್ರೈವರ್ ಹಿಡಕೊಂಡು ಗಾಬರಿಯಿಂದ ಹಿಂದ ಓಡಿ ಬಂದಳು:

"ನಿಲ್ಲರೀ ಅಕ್ಕಾರ! ಈಗ ಬಲಕ್ಕ ಹೊಳ್ಳವಲ್ದೇನ್ರೀ?"