ನಿವೃತ್ತಿಯವರೆಗೂ ಇಲ್ಲೇ

ಯೋತಾಮು ತನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಬಾಯಿಂದ ಹೇಳಲಿಲ್ಲ, ಹೆಬ್ಬೆರಳಿನಿಂದ ಒತ್ತಿದ.

ಮಲಾವಿ ಸರೋವರದ ದಂಡೆಯ ಲುವಾಜಿ ಎಂಬ ಊರಿಗೆ ಅವನೊಬ್ಬನೇ ಡಾಕ್ಟರು. ನಿಜ ಹೇಳಬೇಕೆಂದರೆ ಅವನು ಡಾಕ್ಟರಲ್ಲ, ಮೂರು ವರ್ಷದ ಕೋರ್ಸು ಮುಗಿಸಿದ ಕ್ಲಿನಿಕಲ್ ಆಫೀಸರ್. ಆದರೆ ರಸ್ತೆಯೇ ಇಲ್ಲದ, ವಾರಕ್ಕೆರಡೇ ಸಲ ದೋಣಿ ಬರುವ ಊರಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸವನ್ನು ಯಾರು ನೋಡುತ್ತಾರೆ?

ಮೂರು ತಿಂಗಳಿಗೊಮ್ಮೆ ಆರೋಗ್ಯ ಕಚೇರಿಯಿಂದ ಅವನ ಫೋನಿಗೆ ಒಂದು ಪ್ರಶ್ನೆ ಬರುತ್ತಿತ್ತು. "ಈ ಊರಿನಲ್ಲಿ ಇನ್ನೆಷ್ಟು ಕಾಲ ಇರುತ್ತೀರಿ?" ಆರು ಜಿಲ್ಲೆಗಳ ಹಿಂದುಳಿದ ಊರುಗಳಲ್ಲಿರುವ ಎಲ್ಲ ಆರೋಗ್ಯ ಸಿಬ್ಬಂದಿಗೂ ಅದೇ ಪ್ರಶ್ನೆ, ಆರಿಸಿ ಒತ್ತಲು ಅದೇ ಉತ್ತರಗಳ ಪಟ್ಟಿ. ಉತ್ತರಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಿ, ಯಾರು ಓಡಿಹೋಗುವ ಸೂಚನೆಯಿದೆಯೋ ಅವರ ಕಷ್ಟವನ್ನು ಮುಂಚೆಯೇ ಪರಿಹರಿಸುವುದು ಕಚೇರಿಯ ಯೋಜನೆ. ಯೋತಾಮು ಮೂರು ವರ್ಷದಿಂದ ಪ್ರಾಮಾಣಿಕವಾಗಿ "ಸದ್ಯಕ್ಕೆ ಹೊರಡುವ ಯೋಚನೆ ಇಲ್ಲ" ಎಂದು ಒತ್ತಿದ್ದ. ಹಾಗಾಗಿ ಅವನತ್ತ ಯಾರೂ ತಿರುಗಿ ನೋಡಿರಲಿಲ್ಲ. ಪಕ್ಕದ ಕೊಲ್ಲಿಯ ಊರಿನಲ್ಲಿ ಇದೇ ಕೆಲಸದಲ್ಲಿದ್ದ ಗೆಳೆಯ ಮವುತೊ ಪ್ರತಿ ಸಲವೂ "ಮೂರು ತಿಂಗಳೊಳಗೆ ಹೊರಡುತ್ತೇನೆ" ಎಂದು ಒತ್ತಿ ಸೋಲಾರ್ ದೀಪ, ನೀರಿನ ಟ್ಯಾಂಕು, ಹೊಸ ಹಾಸಿಗೆ ಎಲ್ಲವನ್ನೂ ಗಿಟ್ಟಿಸಿಕೊಂಡಿದ್ದ.

"ಅಳೋ ಮಗೂಗೇ ಕಣಯ್ಯಾ ಎಲ್ಲರೂ ಓಡಿ ಬರೋದು. ನೀನು ನಗ್ತಾ ಕೂತಿದ್ರೆ ಯಾರು ಬರ್ತಾರೆ? ಒತ್ತು, ಒತ್ತಿ ನೋಡು," ಎಂದಿದ್ದ ಮವುತೊ.

ಯೋತಾಮುವಿಗೆ ಸೋಲಾರ್ ದೀಪ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೆಂಡತಿ. ಮದುವೆಯಾಗಿ ನಾಲ್ಕು ವರ್ಷವಾದರೂ ತಿವೊಂಗೆ ಮ್ಜುಜು ಪಟ್ಟಣದಲ್ಲಿ ತಾಯಿಯ ಮನೆಯಲ್ಲೇ ಇದ್ದಳು. ಟೀಚರ್ ತರಬೇತಿ ಮುಗಿಸಿದ್ದರೂ ಕೆಲಸ ಸಿಕ್ಕಿರಲಿಲ್ಲ. ಹೋದ ಮಳೆಗಾಲದಲ್ಲಿ ಒಮ್ಮೆ ಬಂದವಳು ಸೋರುವ ಸೂರಿನ ಕೆಳಗೆ ಮೂರು ದಿನ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದಾಡಿ, ನಾಲ್ಕನೇ ದಿನ ದೋಣಿ ಹತ್ತಿದ್ದಳು. ಈಗ ಶುಕ್ರವಾರ ಮತ್ತೆ ಬರುತ್ತಿದ್ದಳು. "ಇದೇ ಕೊನೇ ಸಲ ರೀ. ಸೂರು ರಿಪೇರಿ ಆಗಿದ್ರೆ ಇರ್ತೀನಿ, ಇಲ್ಲಾಂದ್ರೆ ಅದೇ ದೋಣೀಲಿ ವಾಪಸ್," ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಆದ್ದರಿಂದ ಗುರುವಾರ ಅವನು ಸಿಗ್ನಲ್ ಸಿಗುವ ಏಕೈಕ ಬಂಡೆಯ ಮೇಲೆ ನಿಂತು, ಕಣ್ಣು ಮುಚ್ಚಿ, "ಮೂರು ತಿಂಗಳೊಳಗೆ ಹೊರಡುತ್ತೇನೆ" ಎಂದು ಒತ್ತಿಬಿಟ್ಟ. ಕಚೇರಿಯವರು ಗಾಬರಿಯಾಗಿ ಇವತ್ತಲ್ಲ ನಾಳೆ ತಗಡು ಕಳಿಸುತ್ತಾರೆ, ಆ ಭರವಸೆಯನ್ನಾದರೂ ಹೆಂಡತಿಗೆ ತೋರಿಸಬಹುದು ಎಂಬುದು ಅವನ ಲೆಕ್ಕ. ಈ ಸಲದಿಂದ ಉತ್ತರಗಳನ್ನು ಆಯಾ ಊರಿನ ಆರೋಗ್ಯ ಸಮಿತಿಗೂ ಹಂಚುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟ. ಅಂಗಳದ ತುಂಬ ಜನ. ಒಬ್ಬರೂ ಮಾತಾಡುತ್ತಿಲ್ಲ. ಹೆಂಗಸರು ಸಾವಿನ ಮನೆಗೆ ಬಂದವರ ಹಾಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಸತ್ತವರು ಯಾರಪ್ಪಾ ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

ಸಮಿತಿಯ ಅಧ್ಯಕ್ಷೆ ನ್ಯಾಗೊಂಡ್ವೆ ತಲೆಯ ಮೇಲೆ ಕೈಯಿಟ್ಟುಕೊಂಡು ಎದ್ದು ಬಂದಳು. "ಡಾಕ್ಟ್ರೇ, ನಾವೇನ್ ಪಾಪ ಮಾಡಿದ್ವಿ? ನಮ್ಮನ್ನ ಬಿಟ್ಟು ಹೋಗ್ತೀರಂತೆ! ನಿನ್ನೆ ಸಂಜೆ ಬಂಡೆ ದಾಟ್ತಿದ್ದಾಗ ಫೋನಲ್ಲಿ ಬಂತು. ಓದಿದ್ದೇ ತಡ, ಕೈಲಿದ್ದ ಗಂಜಿ ಪಾತ್ರೆ ಕೆಳಗೆ ಹಾಕ್ಬಿಟ್ಟೆ."

"ಅಮ್ಮಾ, ಅದು ಹಾಗಲ್ಲ..."

"ಹೇಗೂ ಅಲ್ಲ. ನಮ್ದೇ ತಪ್ಪು. ಆರು ಜಿಲ್ಲೇಲಿ ಇನ್ನೂರ ಹದಿನೇಳು ಜನ ಬಿಟ್ಟು ಹೋಗಿದ್ದಾರಂತೆ. ಯಾಕೆ ಹೋದ್ರು ಅಂತ ಪಟ್ಟೀನೂ ಕಳ್ಸಿದ್ದಾರೆ." ಅವಳು ಫೋನನ್ನು ಕಣ್ಣಿನಿಂದ ಮೊಳ ದೂರ ಹಿಡಿದು ಓದಿದಳು. "ಒಂಟಿತನ. ಗೌರವ ಸಿಗಲ್ಲ. ಕೆಲಸ ಜಾಸ್ತಿ. ಮನೆ ಸೋರುತ್ತೆ. ಹೆಂಡ್ತಿಗೆ ಕೆಲಸ ಇಲ್ಲ."

ಊರ ಯಜಮಾನ ಕಬಾಂಬೆ ಕೋಲನ್ನು ನೆಲಕ್ಕೆ ಕುಟ್ಟಿದ. "ಐದೂ ಇವತ್ತೇ ಮುಗೀಬೇಕು. ಏಳ್ರಿ ಎಲ್ಲ!"

ಸುಳ್ಳೆಂದು ಹೇಳಿಬಿಡಲು ಯೋತಾಮು ಬಾಯಿ ತೆರೆದಿದ್ದು ನಿಜ. ಆದರೆ ನಾಲ್ಕನೆಯ ಕಾರಣ ಕಿವಿಗೆ ಬಿದ್ದದ್ದೇ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಆಸ್ಪತ್ರೆಗೆ ಹೋದರೆ ಅವನ ಕುರ್ಚಿಯ ಸುತ್ತ ಆಗಲೇ ಮೂವರು ಮುದುಕರು ಅಳಗುಳಿಮಣೆಯಂಥ ಬಾವೊ ಆಟದ ಮಣೆ ಇಟ್ಟುಕೊಂಡು ಕೂತಿದ್ದರು. ಒಂಟಿತನ ಹೋಗಲಾಡಿಸುವ ಜವಾಬ್ದಾರಿ ಅವರದ್ದು. ಕೆಮ್ಮುತ್ತ ಒಬ್ಬ ಒಳಗೆ ಬಂದ. ಯೋತಾಮು ಅವನ ಎದೆಗೆ ಸ್ಟೆತಸ್ಕೋಪ್ ಇಡುವಷ್ಟರಲ್ಲಿ ಹಿರಿಯ ಮುದುಕ ತೀರ್ಪು ಕೊಟ್ಟ. "ಇವನಿಗೆ ಔಷಧಿ ದಂಡ ಡಾಕ್ಟ್ರೇ. ಇವ್ರಪ್ಪಾನೂ ಹಿಂಗೇ ಕೆಮ್ತಿದ್ದ. ಎಂಬತ್ತು ವರ್ಷ ಬದುಕ್ದ. ನಿಮ್ ಸರದಿ, ಕಾಯಿ ನಡೆಸಿ."

ಶೌಚಾಲಯಕ್ಕಾದರೂ ತಪ್ಪಿಸಿಕೊಳ್ಳೋಣವೆಂದು ಎದ್ದರೆ, ಗೌರವದ ಬಾಬ್ತಿಗೆ ನೇಮಕವಾದ ಇಬ್ಬರು ಡೋಲು ಬಾರಿಸುತ್ತ ಬಾಗಿಲವರೆಗೆ ಬಂದರು. ಒಳಗಿದ್ದಷ್ಟು ಹೊತ್ತೂ ಬಾರಿಸಿದರು. ಹೊರಗೆ ಬಂದಾಗ ದಾರಿಯ ಎರಡೂ ಬದಿಗೆ ಮಂಡಿಯೂರಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಯೋತಾಮುವಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು.

ನಿಜವಾದ ಆಘಾತ ಮಧ್ಯಾಹ್ನಕ್ಕೆ ಕಾದಿತ್ತು. ಆಸ್ಪತ್ರೆ ಖಾಲಿ ಖಾಲಿ. ಡಾಕ್ಟರಿಗೆ ಕೆಲಸ ಜಾಸ್ತಿ ಮಾಡಬಾರದೆಂದು ಊರಿನವರು ಕಾಯಿಲೆಯನ್ನೇ ಮುಚ್ಚಿಡಲು ಶುರುಮಾಡಿದ್ದರು. ಹೊರಗೆ ಬಂದು ನೋಡಿದರೆ ಬೆಸ್ತನೊಬ್ಬ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ. ಹಿಂದೆ ನೆಲದ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

"ಏನಯ್ಯಾ ಅದು?"

"ಏನಿಲ್ಲ ಡಾಕ್ಟ್ರೇ, ಒಂದ್ ಸಣ್ ಗಾಳ. ಅಂಗೈಗೆ ಹೊಕ್ಕೊಂಡೈತೆ. ಇರ್ಲಿ ಬಿಡಿ, ಅಭ್ಯಾಸ ಆಗುತ್ತೆ."

ಮಲೇರಿಯಾದಿಂದ ಹಲ್ಲು ಕಟಕಟಿಸುತ್ತಿದ್ದ ಹೆಂಗಸೊಬ್ಬಳು "ಚೆನ್ನಾಗಿದೀನಿ, ಚೆನ್ನಾಗಿದೀನಿ" ಎನ್ನುತ್ತ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದಳು. ಅವಳಿಗೆ ಮಾತ್ರೆ ನುಂಗಿಸಲು ಯೋತಾಮು ಹೊಲವೆಲ್ಲ ಓಡಬೇಕಾಯಿತು. ಡೋಲಿನವರೂ ಹಿಂದೆಯೇ ಓಡಿಬಂದರು.

ಏದುಸಿರು ಬಿಡುತ್ತ ಮನೆಯ ಕಡೆ ತಿರುಗಿದವನ ಜೀವ ಬಾಯಿಗೆ ಬಂತು. ಮನೆಗೆ ಸೂರೇ ಇರಲಿಲ್ಲ! ನಾಲ್ಕು ಗೋಡೆ, ನಡುವೆ ಮಂಚ, ಮೇಲೆ ಆಕಾಶ. ಆ ಆಕಾಶದಲ್ಲಿ ಕಪ್ಪು ಮೋಡ. ದೂರದಲ್ಲಿ ದೋಣಿಯ ಸದ್ದು ಬೇರೆ ಕೇಳಿಸುತ್ತಿತ್ತು.

"ಹಳೇ ತಗಡು ಪೂರಾ ತುಕ್ಕು ಡಾಕ್ಟ್ರೇ, ಮುಟ್ಟಿದ್ರೆ ಪುಡಿ. ಎಲ್ಲ ಕಿತ್ತಾಕಿದ್ವಿ," ಎಂದ ಬಡಗಿ ಹೆಮ್ಮೆಯಿಂದ.

"ಹೊಸ ತಗಡು ಎಲ್ಲಯ್ಯಾ?"

ಬಡಗಿ ಸುತ್ತಮುತ್ತ ನೋಡಿದ. ಕೀಳುವ ಉತ್ಸಾಹದಲ್ಲಿ ಅದನ್ನು ಯಾರೂ ಯೋಚಿಸಿರಲಿಲ್ಲ.

ಯೋತಾಮು ಅಲ್ಲೇ ಕುಸಿದು ಕೂತ. ಮುಗಿಯಿತು ತನ್ನ ಸಂಸಾರ ಎಂದುಕೊಂಡ. ಆಗ ಯಜಮಾನ ಕಬಾಂಬೆ ತನ್ನ ಮನೆಗೆ ನಡೆದ. ಹೊಸ ಮನೆಗೆಂದು ಎರಡು ವರ್ಷದಿಂದ ಕೂಡಿಟ್ಟುಕೊಂಡಿದ್ದ ಹೊಳೆಹೊಳೆಯುವ ಇಪ್ಪತ್ತನಾಲ್ಕು ತಗಡುಗಳನ್ನು ಊರಿನವರ ತಲೆಯ ಮೇಲೆ ಹೊರಿಸಿ ತಂದ. "ನನ್ ಮನೆ ಮುಂದಿನ ವರ್ಷ ಆಗುತ್ತೆ. ಹೊಡೀರಿ ಮೊಳೆ!" ಎಂದ. ಮೊದಲ ಹನಿ ಬೀಳುವುದಕ್ಕೂ ಕೊನೆಯ ಮೊಳೆ ಹೊಡೆಯುವುದಕ್ಕೂ ಸರಿಹೋಯಿತು.

ತಿವೊಂಗೆ ದೋಣಿಯಿಂದ ಇಳಿದ ಕೂಡಲೇ ಹೆಂಗಸರೆಲ್ಲ ಹಾಡುತ್ತ ಅವಳನ್ನು ಸುತ್ತುವರಿದರು. ನ್ಯಾಗೊಂಡ್ವೆ ಅವಳ ಕೈಗೆ ಕಾಗದವೊಂದನ್ನು ಕೊಟ್ಟಳು. ಊರಿನ ಶಿಶುವಿಹಾರಕ್ಕೆ ಟೀಚರ್ ಬೇಕು, ಸಂಬಳವನ್ನು ಚರ್ಚಿನವರು ಕೊಡುತ್ತಾರೆ, ಎರಡು ವರ್ಷ ಬಿಡುವ ಹಾಗಿಲ್ಲ. ನಾಲ್ಕು ವರ್ಷ ಕೆಲಸ ಹುಡುಕಿ ಸೋತಿದ್ದ ತಿವೊಂಗೆ ಮಳೆಯಲ್ಲೇ ನಿಂತು ಸಹಿ ಹಾಕಿದಳು. ಆಮೇಲೆ ಮನೆಯೊಳಗೆ ಬಂದು ತಲೆಯೆತ್ತಿ ನೋಡಿದಳು. ತಗಡಿನ ಮೇಲೆ ಮಳೆ ಧೋ ಎಂದು ಹೊಡೆಯುತ್ತಿತ್ತು, ಒಳಗೆ ಒಂದು ಹನಿಯೂ ಇಲ್ಲ.

"ರೀ, ಇನ್ನು ನಾನು ಎಲ್ಲಿಗೂ ಹೋಗಲ್ಲ," ಎಂದಳು, ಕಣ್ಣು ಒರೆಸಿಕೊಳ್ಳುತ್ತ.

ಯೋತಾಮುವಿಗೆ ಇಷ್ಟು ಒಳ್ಳೆಯ ಜನಕ್ಕೆ ಮೋಸ ಮಾಡಿದೆನಲ್ಲ ಎಂಬ ನಾಚಿಕೆ ತಡೆಯಲಾಗಲಿಲ್ಲ. ಮಳೆ ನಿಂತ ಮೇಲೆ ಊರಿನವರ ಎದುರು ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡ. "ನಾನು ಹೊರಡೋನೇ ಆಗಿರ್ಲಿಲ್ಲ. ಸೂರಿನ ಆಸೆಗೆ ಸುಳ್ಳು ಒತ್ತಿದೆ. ಕ್ಷಮಿಸಿಬಿಡಿ."

ನ್ಯಾಗೊಂಡ್ವೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬೆಸ್ತ ಒಮ್ಮೆ ತನ್ನ ಕಟ್ಟು ಹಾಕಿದ ಕೈಯನ್ನು, ಒಮ್ಮೆ ಡಾಕ್ಟರನ್ನು ನೋಡಿದ.

ಕಬಾಂಬೆ ತನ್ನ ತಗಡುಗಳನ್ನು ದೀರ್ಘವಾಗಿ ನೋಡಿ ನಿಟ್ಟುಸಿರು ಬಿಟ್ಟ. "ಆಗಿದ್ದು ಆಯ್ತು. ಈಗ ನಮ್ಮೆದುರಿಗೇ ನಿಜ ಒತ್ತಿ, ನಡೀರಿ."

ಇಡೀ ಊರು ಅವನನ್ನು ಬಂಡೆಗೆ ಹತ್ತಿಸಿತು. ಉತ್ತರವನ್ನು ಒಂದು ಸಲ ತಿದ್ದಲು ಅವಕಾಶವಿತ್ತು. ಉತ್ತರಗಳ ಪಟ್ಟಿಯ ಕಟ್ಟಕಡೆಯಲ್ಲಿ, ಇದುವರೆಗೆ ಅವನ ಕಣ್ಣಿಗೇ ಬೀಳದಿದ್ದ ಒಂದು ಸಾಲಿತ್ತು: "ನಿವೃತ್ತಿಯವರೆಗೂ ಇರುತ್ತೇನೆ." ಯೋತಾಮು ತುಂಬಿದ ಹೃದಯದಿಂದ ಅದನ್ನೇ ಒತ್ತಿದ. ಡೋಲುಗಳು ಮೊಳಗಿದವು. ತಿವೊಂಗೆ ಎಲ್ಲರೆದುರೇ ಅವನ ಕೈ ಹಿಡಿದಳು. ಅವನ ಜೀವನದಲ್ಲಿ ಅಂಥ ಐದು ನಿಮಿಷ ಹಿಂದೆಂದೂ ಬಂದಿರಲಿಲ್ಲ.

ಆರನೇ ನಿಮಿಷಕ್ಕೆ ಫೋನು ಬಂತು. ಆರೂ ಜಿಲ್ಲೆಗಳ ಮಾಹಿತಿ ನೋಡಿಕೊಳ್ಳುವ ಎನಾಲಾ ಮೇಡಂ.

"ಯೋತಾಮು ಅವ್ರೇ, ನಿಜವಾಗ್ಲೂ ನಿವೃತ್ತಿವರೆಗೂ ಇರ್ತೀರಾ? ಆರು ಜಿಲ್ಲೇಲಿ ಆ ಉತ್ತರ ಒತ್ತಿದೋರು ನೀವೊಬ್ರೇ! ಕಚೇರೀಲಿ ಎಲ್ಲರೂ ಎದ್ದು ನಿಂತಿದ್ದಾರೆ."

"ಇರ್ತೀನಿ ಮೇಡಂ, ಖಂಡಿತ ಇರ್ತೀನಿ!"

"ಆ ದೇವ್ರೇ ನಿಮ್ಮನ್ನ ಕೊಟ್ಟ. ನಮಗೆ ಬೇಕಾಗಿದ್ದದ್ದೇ ಅಂಥೋರು. ಮಫುಂಬಿ ದ್ವೀಪ ಇದೆಯಲ್ಲ, ಅಲ್ಲಿ ಒಂದೇ ವರ್ಷದಲ್ಲಿ ನಾಲ್ಕು ಜನ ಓಡಿಹೋಗಿದ್ದಾರೆ. ನಾಲ್ಕನೆಯವ್ರು ರೋಗಿಯ ದೋಣೀನೇ ತಗೊಂಡು ಹೋದ್ರು. ಸೋಮವಾರ ನೀವು ಅಲ್ಲಿಗೆ ಹೋಗಬೇಕು."

ಯೋತಾಮುವಿಗೆ ಬಂಡೆಯೇ ಜಾರಿದಂತಾಯಿತು. "ಮೇಡಂ, ನಾನು ಹೇಳಿದ್ದು ಲುವಾಜೀಲಿ..."

"ಲುವಾಜಿಗೆ ಯಾರು ಬೇಕಾದ್ರೂ ಬರ್ತಾರೆ ಸಾರ್. ಸಮಿತಿಯವ್ರು ಈಗ ತಾನೇ ವರದಿ ಕಳ್ಸಿದ್ದಾರೆ. ಐದಕ್ಕೆ ಐದೂ ಕಾರಣ ಪರಿಹಾರ ಅಂತೆ! ಉಳಿಯೋರನ್ನ ಯಾರೂ ಉಳೀದ ಕಡೆ ಕಳಿಸ್ಬೇಕು, ಅಂಕಿ ಅಂಶಾನೇ ಹಾಗೆ ಹೇಳುತ್ತೆ."

"ಉತ್ತರ ಬದಲಾಯಿಸ್ತೀನಿ ಮೇಡಂ!"

"ಒಂದೇ ಸಲ ಅವಕಾಶ. ನೀವು ತಿದ್ದಿ ಆಯ್ತಲ್ಲ."

"ಅಲ್ಲಿ ಮನೆಯಾದ್ರೂ ರಿಪೇರಿ ಮಾಡಿಸಿ..."

"ನೋಡೋಣ. ಮೊದಲು ಹೊರಡ್ತೀನಿ ಅಂದೋರದ್ದು ಮಾಡಿಸ್ಬೇಕು. ನೀವು ಹೇಗೂ ನಿವೃತ್ತಿವರೆಗೂ ಇರೋರು, ನಿಮಗೇನು ಅವಸರ?"

ಫೋನು ಕಟ್ಟಾಯಿತು. ಸುತ್ತ ನಿಂತಿದ್ದ ಊರಿನವರಿಗೆ ವಿಷಯ ತಿಳಿಸಿ, ಯೋತಾಮು ಹೆಂಡತಿಯ ಕಡೆ ತಿರುಗಿದ. ಅವನ ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ನೀನೂ ಬರ್ತೀಯ ತಾನೆ?"

ತಿವೊಂಗೆ ಅವನ ಕೈಯನ್ನು ಮೆಲ್ಲಗೆ ಬಿಟ್ಟಳು. "ಎರಡು ವರ್ಷಕ್ಕೆ ಸಹಿ ಹಾಕಿದ್ದೀನಲ್ಲ ರೀ. ಮಕ್ಕಳು ಸೋಮವಾರ ಬಂದುಬಿಡ್ತಾರೆ."

"ಮನೆ?" ಎಂದ ಯೋತಾಮು.

"ಮನೆ ಊರಿಂದು, ತಗಡು ನಂದು," ಎಂದ ಕಬಾಂಬೆ. "ಟೀಚರಮ್ಮ ಎಷ್ಟು ದಿನ ಬೇಕಾದ್ರೂ ಇರ್ಲಿ. ಹೊಸ ಡಾಕ್ಟ್ರಿಗೆ ನಾವು ಬೇರೆ ವ್ಯವಸ್ಥೆ ಮಾಡ್ತೀವಿ. ಈಗ ಪಟ್ಟಿ ಇದೆಯಲ್ಲ."

ತಿವೊಂಗೆಗೆ ಗಂಡನ ಮುಖ ನೋಡಿ ನಿಜಕ್ಕೂ ಅಯ್ಯೋ ಎನ್ನಿಸಿತು. ಹತ್ತಿರ ಬಂದು ಅವನ ಕಾಲರ್ ಸರಿಮಾಡಿದಳು.

"ಬೇಜಾರು ಮಾಡ್ಕೋಬೇಡಿ. ರಜ ಸಿಕ್ಕಾಗ ಬಂದು ಹೋಗ್ತಾ ಇರಿ," ಎಂದಳು. "ಬರೋದಕ್ಕೆ ಮುಂಚೆ ಒಂದ್ಮಾತು ತಿಳಿಸಿ, ಅಷ್ಟೆ."