ಮಹಿಳಾ ಸಮಾಜದ ಒಂದೇ ಕುರ್ಚಿ

ಅನಾಹುತಕ್ಕೆಲ್ಲ ಮೂಲ ಒಂದು ಬೆತ್ತದ ಕುರ್ಚಿ. ದಾವಣಗೆರೆಯ ಆನೆಕೊಂಡದ ಮಹಿಳಾ ಸಮಾಜದಲ್ಲಿ ಇದ್ದದ್ದು ಅದೊಂದೇ. ಸದಸ್ಯೆಯರೆಲ್ಲ ಚಾಪೆಯ ಮೇಲೆ ಕೂತು ಅನಾಥಾಲಯದ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದರು. ಮಾರ್ತಾ ಮಾತ್ರ ಆ ಕುರ್ಚಿಯಲ್ಲಿ ಕೂಡಬೇಕು, ನೋಡಬೇಕು, ಆಗಾಗ ನಗಬೇಕು.

ಮಾರ್ತಾ ಜರ್ಮನಿಯವಳು. ಗಂಡ ೧೯೬೦ರಲ್ಲಿ ಹರಿಹರದ ಯಂತ್ರದ ಕಾರ್ಖಾನೆಯೊಂದಕ್ಕೆ ಎಂಜಿನಿಯರಾಗಿ ಬಂದಿದ್ದ. ಬಂಗಲೆಯಲ್ಲಿ ಅಡುಗೆಗೆ ಒಬ್ಬ, ತೋಟಕ್ಕೆ ಒಬ್ಬ, ಬಾಗಿಲು ಕಾಯಲು ಒಬ್ಬ. ಅವಳಿಗೆ ಉಳಿದದ್ದು ಗಡಿಯಾರದ ಸದ್ದು ಕೇಳುವ ಕೆಲಸ. ತನ್ನೂರಿನ ದರ್ಜಿ ಅಂಗಡಿಯಲ್ಲಿ ದುಡಿದಿದ್ದ ಕೈಗಳು ಈಗ ಮಡಿಲಲ್ಲಿ, ಯಾರೋ ಮರೆತುಹೋದ ಕೈಚೀಲದ ಹಾಗೆ ಬಿದ್ದಿರುತ್ತಿದ್ದವು. ಸಮಾಜದಲ್ಲಿ ಹೊಲಿಗೆ ನಡೆಯುತ್ತದೆಂದು ಕೇಳಿ ಆಸೆಯಿಂದ ಬಸ್ಸು ಹತ್ತಿ ಬಂದಳು. ಮೊದಲ ಬುಧವಾರ ಹಾರ ಹಾಕಿದರು. ಎರಡನೆಯ ಬುಧವಾರವೂ ಹಾರ ಹಾಕಿದರು. ಸೂಜಿಯನ್ನು ಮಾತ್ರ ಯಾರೂ ಕೊಡಲಿಲ್ಲ.

"ನಾನೂ ಹೊಲಿತೀನ್ರಿ" ಎಂದರೆ ಅಧ್ಯಕ್ಷೆ ನಿರ್ಮಲಮ್ಮ ಕೆನ್ನೆಗೆ ಕೈ ಹಚ್ಚಿ, "ಅಯ್ಯ ಶಿವನೇ, ಎಷ್ಟು ಚಂದ ಕನ್ನಡ ಮಾತಾಡ್ತಾರ ನೋಡ್ರೇ!" ಎನ್ನುವರು. ಎಲ್ಲರೂ ಚಪ್ಪಾಳೆ ತಟ್ಟುವರು. ಅಲ್ಲಿಗೆ ಆ ಮಾತು ಮುಗಿಯಿತು.

ಅವಳಿಗೆ ಕೆಲಸ ಕೊಟ್ಟವಳು ಒಬ್ಬಳೇ, ಕಸ ಗುಡಿಸುವ ಓಬಕ್ಕ. ಮಾರ್ತಾ ಎಲ್ಲರಿಗಿಂತ ಮೊದಲೇ ಬಂದರೆ ಪೊರಕೆಯನ್ನು ಅವಳ ಕೈಗಿಡುತ್ತಿದ್ದಳು. "ಮೂಲ್ಯಾಗಿಂದು ಹಂಗೇ ಬಿಟ್ರಲ್ಲ, ಹಿಂಗೇನು ಗುಡ್ಸೋದು?" ಎಂದು ಬೈಯುತ್ತಿದ್ದಳು. ಈ ಸೀಮೆಯಲ್ಲಿ ಅವಳನ್ನು ಬೈಯುವ ಜೀವ ಅದೊಂದೇ. ಆ ಬೈಗುಳಕ್ಕಾಗಿ ಮಾರ್ತಾ ವಾರವಿಡೀ ಕಾಯುತ್ತಿದ್ದಳು.

ಆ ಬುಧವಾರ ಓಬಕ್ಕ ಬಾಗಿಲು ತೆಗೆದು ನೀರಿಗೆ ಹೋಗಿದ್ದಾಗ ಮಾರ್ತಾಳಿಗೆ ಒಂದು ಯೋಚನೆ ಹೊಳೆಯಿತು. ಕುರ್ಚಿಯೇ ಇಲ್ಲದಿದ್ದರೆ? ಅದನ್ನು ಹಿತ್ತಲ ಕೊಟ್ಟಿಗೆಗೆ ಎಳೆದೊಯ್ದು, ಮೇಲೆ ಹತ್ತಿಕಾಳಿನ ಖಾಲಿ ಚೀಲಗಳನ್ನು ಹೊದಿಸಿದಳು. ಎಮ್ಮೆ ಒಮ್ಮೆ ತಿರುಗಿ ನೋಡಿತು, ಏನೂ ಅನ್ನಲಿಲ್ಲ.

ಹೆಂಗಸರು ಬಂದಾಗ ಮಾರ್ತಾ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಕುರ್ಚಿ ಎಲ್ಲೈತೆ?" ಸಮಾಜದ ಕಾರ್ಯದರ್ಶಿ ಕಸ್ತೂರಮ್ಮ ಕಿರುಚಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯ ಎತ್ತು ನಿಂತುಬಿಟ್ಟಿತು.

"ಚಾಪೆ ಐತಲ್ರಿ" ಎಂದಳು ಮಾರ್ತಾ.

ಅತಿಥಿ ನೆಲದ ಮೇಲಿರುವಾಗ ತಾವು ಕೂಡುವುದು ಹೇಗೆ? ಎಲ್ಲರೂ ಗೋಡೆಗೆ ಆನಿಕೊಂಡು ನಿಂತರು. ಹೊಲಿಗೆ ಶುರುವಾಗಲೇ ಇಲ್ಲ. ಕಸ್ತೂರಮ್ಮ ಓಡಿಹೋಗಿ, ಎದುರಿನ ಕ್ಷೌರದಂಗಡಿಯ ಕುರ್ಚಿಯನ್ನೇ ಇಬ್ಬರಿಂದ ಹೊರಿಸಿಕೊಂಡು ಬಂದರು. ಮಾರ್ತಾಳ ಕೈಯಿಂದ ಸೂಜಿ ಕಸಿದು ಅವಳನ್ನು ಅದರಲ್ಲಿ ಕೂಡಿಸಿದರು. ತಲೆಯಾನಿಸುವ ಹಲಗೆ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಗಡ್ಡ ಬೋಳಿಸಿಕೊಳ್ಳಲು ಬಂದ ಗಿರಾಕಿಯ ಹಾಗೆ ಅವಳು ತೊಲೆ ನೋಡುತ್ತ ಒರಗಿದಳು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸುತ್ತಿದ್ದಳು.

"ಮುಂಜಾನೆ ಬಾಗ್ಲು ತೆಗೆದಾಕಿ ಯಾರು? ಓಬಿ! ಮಾರ್ಕೊಂಡಿರ್ತಾಳೆ ತಗೋರಿ" ಎಂದರು ಕಸ್ತೂರಮ್ಮ.

ಓಬಕ್ಕ ಕೊಡ ಇಳಿಸಿದಳು. "ನನ್ನ ಗುಡಿಸಲಾಗೆ ನಾನು ಕೂಡ್ರಾಕೇ ಜಾಗಿಲ್ಲ. ಕುರ್ಚಿ ತಗಂಡು ತಲಿ ಮ್ಯಾಲೆ ಇಟ್ಕಳ್ಲೇನ್ರವ್ವ?"

"ಬಾಯಿ ಬ್ಯಾರೆ ಜೋರು! ನಾಳೆಯಿಂದ ನೀ ಬರೋದೇ ಬ್ಯಾಡ" ಎಂದರು ನಿರ್ಮಲಮ್ಮ.

ಮಾರ್ತಾ ಕುತ್ತಿಗೆ ಬಿಡಿಸಿಕೊಂಡು ಎದ್ದಳು. "ಓಬಕ್ಕ ಅಲ್ರಿ. ಕುರ್ಚಿ ಬಚ್ಚಿಟ್ಟಾಕಿ ನಾನು."

ಎಲ್ಲರೂ ಅವಳತ್ತ ತಿರುಗಿದರು. ಇನ್ನೇನು ಬೈಯುತ್ತಾರೆ ಎಂದುಕೊಂಡಳು. ಅವಳ ಎದೆ ಹೆದರಿಕೆಯಿಂದಲ್ಲ, ಆಸೆಯಿಂದ ಬಡಿದುಕೊಳ್ಳುತ್ತಿತ್ತು.

ನಿರ್ಮಲಮ್ಮನ ಕಣ್ಣಲ್ಲಿ ನೀರು ತುಂಬಿತು. "ನೋಡ್ರೇ! ಬಡವಿ ತಪ್ಪನ್ನ ತಮ್ಮ ಮ್ಯಾಲೆ ಹಾಕ್ಕಂತಾರೆ. ಎಂಥಾ ಮನ್ಸು!"

"ಇಲ್ರಿ, ನಿಜವಾಗ್ಲೂ ನಾನೇ!" ಎನ್ನುತ್ತ ಅವಳು ಎಲ್ಲರನ್ನೂ ಕೊಟ್ಟಿಗೆಗೆ ಕರೆದೊಯ್ದಳು. ಚೀಲಗಳನ್ನು ಕಿತ್ತೆಸೆದಳು. ಕುರ್ಚಿ ಅಲ್ಲೇ ಇತ್ತು.

"ಹುಡುಕಿ ಬ್ಯಾರೆ ಕೊಟ್ರು!" ಎಂದರು ಕಸ್ತೂರಮ್ಮ. "ಬೀಳೇ ಓಬಿ, ಕಾಲಿಗೆ ಬೀಳು. ಇವರ ಮುಖ ನೋಡಿ ನಿನ್ನ ಬಿಟ್ಟೀವಿ."

ಓಬಕ್ಕ ಕಾಲಿಗೆ ಬಿದ್ದಳು.

ಇಂಥವರ ಎದುರು ತಾನು ಅಧ್ಯಕ್ಷೆಯೆಂದು ಕೂಡುವುದು ಹೇಗೆ ಎಂದು ನಿರ್ಮಲಮ್ಮ ಪದವಿಯನ್ನೇ ಬಿಟ್ಟುಕೊಟ್ಟರು. ಮಾರ್ತಾ ಸಮಾಜದ ಆಜೀವ ಗೌರವ ಅಧ್ಯಕ್ಷೆಯಾದಳು. ಹಾರ ಬಂತು. ಬೆತ್ತದ ಕುರ್ಚಿಯನ್ನು ತೊಳೆದು, ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದರು. ಈಗ ಅವಳ ಪಾದ ನೆಲಕ್ಕೂ ತಾಗುತ್ತಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಓಬಕ್ಕ ಉದುರಿದ ಹೂವಿನೆಸಳು ಗುಡಿಸುತ್ತಿದ್ದಳು. ಮಾರ್ತಾ ಕುರ್ಚಿಯಿಂದಿಳಿದು ಕೈಚಾಚಿದಳು. "ಪೊರಕೆ ಕೊಡು ಓಬಕ್ಕ."

ಓಬಕ್ಕ ಪೊರಕೆಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಕುರ್ಚಿ ಬಚ್ಚಿಟ್ಟಾಕಿ ನೀವೇ ಅಂತ ನನಗೊತ್ತೈತೆ. ಆದ್ರೆ ಅಧ್ಯಕ್ಷರ ಕೈಗೆ ಪೊರಕೆ ಕೊಟ್ಟಿದ್ದು ಯಾರಾನ ಕಂಡ್ರೆ, ಈ ಸಲ ನಿಮ್ಮ ಮುಖ ನೋಡಿನೂ ಬಿಡಾಕಿಲ್ಲ. ನನ್ನ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ್ರಿ ಅಮ್ಮಾರೆ. ಕೂಡ್ರಿ."

ಸೆರಗಿನಿಂದ ಕುರ್ಚಿಯನ್ನು ಒರೆಸಿ ಪಕ್ಕಕ್ಕೆ ಸರಿದು ನಿಂತಳು. ಮಾರ್ತಾ ಹತ್ತಿ ಕೂತಳು. ಮೂಲೆಯಲ್ಲಿ ಒಂದಿಷ್ಟು ಕಸ ಹಾಗೇ ಉಳಿದಿತ್ತು. ಅವಳು ಅದನ್ನು ನೋಡುತ್ತ, ಆಗಾಗ ನಗುತ್ತ, ಕೊನೆಯ ಬಸ್ಸಿನ ಹೊತ್ತಿನವರೆಗೂ ಕೂತಿದ್ದಳು.